ಎಣ್ಣೆ ಬೇಡದ ಬೋಲ್ಟ್

ವೆಂಡಲ್ ಪ್ರುಯಿಟ್ ತನ್ನ ರೈಫಲ್ಲಿಗೆ ಲೇಪ ಹಾಕಿದ ಬೋಲ್ಟ್ ಕ್ಯಾರಿಯರ್ ತರಿಸಿದ್ದೇ ತಪ್ಪಾಯಿತು. ಗುಂಡು ಹಾರಿದಾಗಲೆಲ್ಲ ಹಿಂದೆ ಮುಂದೆ ಓಡಿ ಮುಂದಿನ ಗುಂಡನ್ನು ನಳಿಗೆಗೆ ತಳ್ಳುವ ಉಕ್ಕಿನ ತುಂಡು ಅದು. ಬೆಲೆ ಮಾಮೂಲಿಯದರ ಎರಡರಷ್ಟು, ಬಣ್ಣ ಮಾತ್ರ ಅದೇ ಕಪ್ಪು. ಶನಿವಾರ ಬೆಳಗ್ಗೆ ಕೆಂಟಕಿಯ ಆ ಶೂಟಿಂಗ್ ಕ್ಲಬ್ಬಿನಲ್ಲಿ ಕಾಫಿ ಇಳಿಯುವ ಮೊದಲೇ ಸುದ್ದಿ ಎಲ್ಲರ ಬಾಯಿಗೆ ಬಿದ್ದಿತ್ತು.

"ಕರೀ ಉಕ್ಕಿಗೆ ಕರೀ ಬಣ್ಣ ಬಳಿದು ನಿನ್ ತಲೆಗೆ ಕಟ್ಟಿದಾರಲ್ಲೋ!" ಎಂದ ಕ್ಲೈಡ್, ನಿವೃತ್ತ ಟ್ರಾಕ್ಟರ್ ಮೆಕ್ಯಾನಿಕ್. "ಎರಡು ಹನಿ ಎಣ್ಣೆ ಬಿಟ್ಟಿದ್ರೆ ಹಳೇದೇ ನೀನು ಸಾಯೋವರ್ಗೂ ಓಡೋದು."

"ಇದಕ್ಕೆ ಎಣ್ಣೇನೇ ಬೇಡ ಕಣೋ! ಒಣಗಿಸಿ ಒರೆಸಿ ತಂದಿದೀನಿ. ಮುನ್ನೂರು ಗುಂಡು ಹಾರಿಸಿ ಲೇಪದ ತಾಕತ್ತು ತೋರಿಸ್ತೀನಿ. ಆಗದಿದ್ರೆ ವರ್ಷಪೂರ್ತಿ ಕ್ಲಬ್ಬಿನ ಎಲ್ಲಾ ಬಂದೂಕಿನ ಮಸಿ ನಾನು ಕೆರೀತೀನಿ. ನಾನು ಗೆದ್ರೆ ನೀನು ಕೆರೀಬೇಕು!"

ಕ್ಲೈಡ್ ಅಂಗೈಗೆ ಉಗಿದು ಕೈ ಕುಲುಕಿದ. ಇಡೀ ಕ್ಲಬ್ಬು ಕುರ್ಚಿ ಎಳೆದುಕೊಂಡು ಕೂತಿತು.

ನೂರನೆಯ ಗುಂಡಿನ ಹೊತ್ತಿಗೆ ಕಾದ ಖಾಲಿ ತೋಟೆಯೊಂದು ಅಂಗಿಯೊಳಕ್ಕೆ ಬಿದ್ದು ವೆಂಡಲ್ ಕುಣಿದ. ನೂರೈವತ್ತಕ್ಕೆ ಯಾರೋ ಎಣ್ಣೆ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರು, ತಳ್ಳಿಬಿಟ್ಟ. ಇನ್ನೂರಕ್ಕೆ ಬಂದೂಕಿನಿಂದ ಹೊಗೆ ಏಳತೊಡಗಿತು.

"ಬಿಟ್ಬಿಡಪ್ಪಾ, ಬಂದೂಕು ಹಾಳಾಗತ್ತೆ," ಎಂದ ಕುರ್ಚಿಯಲ್ಲಿ ಕೂತವನೊಬ್ಬ.

"ಹಾಳಾದ್ರೆ ನಂದು ಹಾಳಾಗತ್ತೆ! ಮುಚ್ಕೊಂಡು ಎಣಿಸ್ರೋ!"

ಬೆರಳಿಗೆ ಬೊಬ್ಬೆ ಬಂತು, ಭುಜ ಸೋತುಹೋಯಿತು, ಆದರೂ ಬಿಡಲಿಲ್ಲ. ಮುನ್ನೂರನೆಯ ಗುಂಡೂ ಒಮ್ಮೆಯೂ ಸಿಕ್ಕಿಕೊಳ್ಳದೆ ಹಾರಿತು. ವೆಂಡಲ್ ಟೋಪಿ ತೂರಿದ. ಬದುಕಿನಲ್ಲಿ ಮೊದಲ ಸಲ ಗೆದ್ದಿದ್ದ ಅವನಿಗೆ ಕಣ್ಣು ತುಂಬಿಬಂತು. ಕ್ಲೈಡ್ ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿಕೊಂಡು ಬ್ರಷ್ ಕೈಗೆತ್ತಿಕೊಂಡ.

ಅಷ್ಟರಲ್ಲಿ ವೆಂಡಲನ ಹೆಂಡತಿ ನೊರೀನ್ ಊಟದ ಡಬ್ಬಿ ಹಿಡಿದು ಪಿಕಪ್ಪಿನಿಂದ ಇಳಿದಳು. ಇನ್ನೊಂದು ಕೈಯಲ್ಲಿ ಕಪ್ಪು ಉಕ್ಕಿನ ತುಂಡೊಂದಿತ್ತು.

"ಬೆಳಗ್ಗೆ ಹಳೇದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಒರೆಸಿದ್ಯಲ್ಲ ಮಹರಾಯ, ಬಂದೂಕಿಗೆ ಹಳೇದನ್ನೇ ಹಾಕ್ಕೊಂಡು ಹೊಸದನ್ನ ಮನೇಲೇ ಬಿಟ್ಟು ಬಂದಿದೀಯ. ನೋಡು, ಕಂಪನಿ ಮುದ್ರೆ ಇದರ ಮೇಲೇ ಇದೆ!"

ಕ್ಲೈಡ್ ನಿಧಾನವಾಗಿ ಎದ್ದು ಬಂದು ಬ್ರಷ್ಷನ್ನು ವೆಂಡಲನ ಬೊಬ್ಬೆ ಬಂದ ಕೈಯೊಳಗಿಟ್ಟ.

"ಎಣ್ಣೇನೂ ಇಲ್ಲ, ಲೇಪಾನೂ ಇಲ್ಲ! ಈಗೇನಂತೀಯಪ್ಪ?"

ವೆಂಡಲನ ಕಿವಿ ಕೆಂಪಗಾಗಿತ್ತು. ಮೊದಲ ಬಂದೂಕನ್ನು ಎಳೆದುಕೊಂಡು ಮಸಿ ಕೆರೆಯಲು ಕೂತ, ಆದರೆ ತಲೆ ತಗ್ಗಿಸಲಿಲ್ಲ.

"ಅನ್ನೋದೇನು? ಲೇಪದ್ದು ಮನೆಗೆ ಬಂತು ಅಂತ ಹೆದರಿ ತಾನೇ ಹಳೇದು ಹೀಗೆ ಓಡಿದ್ದು! ಕೊಟ್ಟ ಒಂದೊಂದು ಡಾಲರೂ ಸಾರ್ಥಕ!"