ಬಾಜೂ ಮನಿಗೆ ಏನು ಬೇಕು?

ಸರ್ಕ್ಯುಲರ್ ಓದಿ ಹೇಳುವವನ ಪಾಡು ಪಂಚಾಂಗ ಓದಿ ಹೇಳುವವನ ಪಾಡಿಗಿಂತ ಬೇರೆಯಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಎರಡನ್ನೂ ಹತ್ತಿರದಿಂದ ಕಂಡವನು ನಾನು. ನಮ್ಮಪ್ಪ ಕಿತ್ತೂರಿನಲ್ಲಿ ಯುಗಾದಿಯ ದಿನ ಪಂಚಾಂಗ ಓದುತ್ತಿದ್ದರು. ಕೇಳುವವರು ತಿಳಿದವರಂತೆ ಗೋಣು ಹಾಕಿ, ಬೇವು ಬೆಲ್ಲ ತಿಂದು ಮನೆಗೆ ಹೋಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಕಾರಕೂನನಾಗಿದ್ದೆ. ಮುಂಬಯಿಯ ಹೆಡ್ ಆಫೀಸಿನಿಂದ ಬಂದ ಇಂಗ್ಲಿಷ್ ಸರ್ಕ್ಯುಲರುಗಳನ್ನು ಕೆಲಸಗಾರರಿಗೆ ಕನ್ನಡದಲ್ಲಿ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅವರೂ ಗೋಣು ಹಾಕಿ, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಫರಕು ಇಷ್ಟೇ, ಅಪ್ಪನಿಗೆ ವರ್ಷಕ್ಕೊಂದು ಧೋತರ ಸಿಗುತ್ತಿತ್ತು.

ಒಮ್ಮೆ ಬಂದ ಸರ್ಕ್ಯುಲರು ಮಾತ್ರ ನನ್ನನ್ನೇ ಕುತೂಹಲಕ್ಕೆ ಹಚ್ಚಿತು. ಕಂಪನಿಯೆಂದರೆ ಬರೀ ಲಾಭವಲ್ಲ, ಸಮಾಜದ ಜವಾಬ್ದಾರಿಯೂ ಅದಕ್ಕುಂಟು. ಆದ್ದರಿಂದ ಪ್ರತಿ ಶಾಖೆಯೂ ಒಂದು ಹಳ್ಳಿಯನ್ನು ಆರಿಸಿ, ಅಲ್ಲಿಯ ಒಂದು ಅಗತ್ಯವನ್ನು ಪೂರೈಸಬೇಕು ಎಂದಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಮುಂಬಯಿಯವರು, ಮರಾಠಿ ಮಾತಾಡುವ ಒಳ್ಳೆಯ ಮನುಷ್ಯ. ನಾಯಕನಾದವನು ಮೊದಲು ಕೇಳಬೇಕು, ಆಮೇಲೆ ಹೇಳಬೇಕು ಎಂದು ಯಾವುದೋ ಪುಸ್ತಕದಲ್ಲಿ ಓದಿದ್ದರು. ಚಚಡಿಯ ಆಚೆಗಿನ ಒಂದು ಸಣ್ಣ ಹಳ್ಳಿಯನ್ನು ಆರಿಸಿ, ನನ್ನ ಕೈಗೆ ಒಂದು ಕಟ್ಟು ಫಾರ್ಮು ಕೊಟ್ಟರು. ಮನೆಗೊಂದು ಫಾರ್ಮು. ಬೇಕಾದದ್ದನ್ನು ಜನರೇ ತಮ್ಮ ಬಾಯಿಂದ ಹೇಳಬೇಕು, ಕೆಳಗೆ ಸಹಿ ಇಲ್ಲವೆ ಹೆಬ್ಬೆಟ್ಟು. ತಿಂಗಳೊಳಗೆ ಫಾರ್ಮು ತುಂಬದಿದ್ದರೆ ಆ ಹಳ್ಳಿಯ ಪಾಲು ಬೇರೆ ಊರಿಗೆ.

ಸೈಕಲ್ ಹೊಡೆದುಕೊಂಡು ಹೋದೆ. ಮೊದಲ ಮನೆಯಲ್ಲೇ ಕಂಬಳಿ ಹಾಸಿ ಕೂರಿಸಿದರು. ಕಂಪನಿ ಏನು ಕೊಡಬೇಕೆಂದು ಕೇಳಿದೆ.

"ನಮಗೇನ್ ಕಮ್ಮಿ ಐತ್ರಿ? ದೇವರು ಇಟ್ಟಾಂಗ ಆರಾಮ ಅದೀವಿ. ಬಿಸಲಾಗ ಬಂದೀರಿ, ಮೊದಲ ಮಜ್ಜಿಗಿ ಕುಡೀರಿ."

ಎರಡನೆಯ ಮನೆಯಲ್ಲೂ ಆರಾಮ, ಮಜ್ಜಿಗೆ. ಮೂರನೆಯದರಲ್ಲೂ ಅದೇ. ಎರಡು ಸಲ ಹೋದೆ, ಓಣಿಯೆಲ್ಲ ತಿರುಗಿದೆ. ನನ್ನ ಹೊಟ್ಟೆ ತುಂಬಿತು, ಫಾರ್ಮು ತುಂಬಲಿಲ್ಲ. ಇಂಥ ಸುಖೀ ಹಳ್ಳಿ ನಮ್ಮ ಸವದತ್ತಿ ತಾಲೂಕಿನಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ನಮ್ಮ ಸೋದರಮಾವನ ನೆನಪಾಯಿತು. ಬೀಗರ ಮನೆಗೆ ಹೋದಾಗ "ಊಟ ಆಗೇದ" ಎಂದು ಎರಡು ಸಲ ಹೇಳಿ, ಮೂರನೆಯ ಒತ್ತಾಯಕ್ಕೆ ಏಳಬೇಕೆಂದು ಕಾದು ಕುಳಿತ. ಬೀಗರು ಎರಡೇ ಸಲ ಕೇಳುವ ಪೈಕಿ. ಮಾವ ಬರೀ ನೀರು ಕುಡಿದು ಮಲಗಿದ. ಹೆಡ್ ಆಫೀಸಿನವರಂತೂ ಒಂದೇ ಸಲ ಕೇಳುವವರು.

ಮೂರನೆಯ ಸಲ ಹೋದಾಗ ನೀಲವ್ವ ಎಂಬ ಮುದುಕಿ ತನ್ನ ಕಟ್ಟೆಯ ಮೇಲಿಂದ ನನ್ನನ್ನು ಕರೆದಳು. ಖಾಲಿ ಫಾರ್ಮು ನೋಡಿ ನಕ್ಕಳು.

"ಕಾರಕೂನರ, ಕಲತವರು ನೀವು, ಇಷ್ಟೂ ತಿಳೀವಲ್ದೇನ್ರಿ? ಮನಿಗೆ ಬಂದವರ ಮುಂದ ಸೆರಗ ಒಡ್ಡತಾರೇನು? ನನಗ ಏನ್ ಬೇಕು ಅಂತ ಕೇಳಬ್ಯಾಡ್ರಿ. ಬಾಜೂ ಮನಿಗೆ ಏನ್ ಬೇಕು ಅಂತ ಕೇಳ್ರಿ, ಹೇಳತೇನಿ."

"ಹಂಗಾರ ಬಾಜೂ ಮನಿಗೆ ಏನು ಬೇಕವ್ವಾ?"

"ನೀರು! ಗಂಗವ್ವ ಏಳ ತಿಂಗಳ ಬಸರಿ. ಹಳ್ಳದಿಂದ ಕೊಡ ಹೊತ್ಕೊಂಡು ದಿನ್ನಿ ಹತ್ತಾಕ ಹತ್ತ್ಯಾಳ. ಮೊನ್ನಿ ಕಾಲು ಜಾರಿ ಕುಂತಬಿಟ್ಟಳು. ನೋಡಿದ್ರ ನನ್ನ ಕರಳು ಚುರ್ ಅಂತೈತಿ."

ಪಕ್ಕದ ಮನೆಯ ಗಂಗವ್ವ ತನಗೇನೂ ಬೇಡ ಎಂದಳು. ನೀಲವ್ವನ ಬಗ್ಗೆ ಕೇಳಿದ್ದೇ ತಡ, "ಆ ಮುದುಕಿಗೆ ಕಣ್ಣ ನೆಟ್ಟಗ ಕಾಣೂದಿಲ್ರಿ, ಆದರೂ ನನಗ ತ್ರಾಸ ಆಗತೈತಿ ಅಂತ ತಾನ ಹಳ್ಳಕ್ಕ ಹೋಗತಾಳ. ಆಕಿಗೆ ನೀರು ಮಾಡ್ರಿ" ಎಂದಳು. ಅಷ್ಟು ದಿನ ನಾನು ಮನೆಮನೆಯಲ್ಲಿ ಕುಡಿದ ಮಜ್ಜಿಗೆಯ ನೀರು ಎಲ್ಲಿಂದ ಬಂದದ್ದು ಎಂದು ಆಗ ಹೊಳೆಯಿತು. ನನಗೆ ನಿಜವಾಗಿ ನಾಚಿಕೆಯಾಯಿತು.

ಸಂಜೆಯೊಳಗೆ ಓಣಿಯೆಲ್ಲ ಫಾರ್ಮು ತುಂಬಿತು. ಬಾಜೂ ಮನೆಯ ಗಂಡನಿಗೆ ದುಡಿಯುವ ಮನಸ್ಸು ಬೇಕು, ಬಾಜೂ ಮನೆಯ ಅತ್ತೆಗೆ ಬಾಯಿಗೊಂದು ಕೀಲಿ ಬೇಕು ಎಂಬಂಥ, ಯಾವ ಕಂಪನಿಯೂ ಪೂರೈಸಲಾಗದ ಅಗತ್ಯಗಳನ್ನು ತೆಗೆದುಹಾಕಿದರೆ ಉಳಿದದ್ದೆಲ್ಲ ನೀರೇ. ನಾನು ವರದಿ ಬರೆದೆ. ಹೇಗೆ ಕೇಳಿದೆನೆಂದು ಬರೆಯಲಿಲ್ಲ. ಸಂಪರ್ಕ ಕಲೆಯೆಲ್ಲ ನನ್ನದೇ ಎಂದು ಸಾಹೇಬರು ತಿಳಿಯಲಿ ಎಂಬ ಸಣ್ಣ ಆಸೆ. ಗಂಗವ್ವನ ಹೆರಿಗೆಗೆ ಮೊದಲೇ ಬೋರು ಕೊರೆದು ಕೈಪಂಪು ಕೂರಿಸಿದರು. ಆಕೆ ಪಂಪಿನ ಹಿಡಿಕೆ ಒತ್ತಿ, ನೀಲವ್ವನ ಕೊಡವನ್ನೇ ಮೊದಲು ತುಂಬಿದಳು.

ಸಾಹೇಬರಿಗೆ ಹಿಗ್ಗೋ ಹಿಗ್ಗು. ನನ್ನನ್ನು ಕರೆದು, ತಾವು ಹೊಸದಾಗಿ ಕಲಿತ ಒಂದೇ ಒಂದು ಕನ್ನಡ ವಾಕ್ಯವನ್ನು ನನ್ನ ಮೇಲೆಯೇ ಪ್ರಯೋಗಿಸಿದರು: "ನಿಮಗ ಏನು ಬೇಕು?" ಆರು ವರ್ಷದಿಂದ ನಾನು ಹಂಗಾಮಿ ಕಾರಕೂನ. ಕಾಯಂ ಮಾಡಿರಿ ಎಂಬ ಎರಡು ಶಬ್ದ ನಾಲಗೆಯ ತುದಿಯ ತನಕ ಬಂದವು. "ಏನೂ ಬ್ಯಾಡ್ರಿ ಸಾಹೇಬರ, ಆರಾಮ ಇದ್ದೇನಿ" ಎಂದೆ. ಅವರು ಸಂತೋಷದಿಂದ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಹಣೆ ಬಡಿದುಕೊಂಡಳು. "ನಿಮ್ಮ ಬಾಜೂಕ ಇರೋದು ನಾನ ಅಲ್ಲೇನ್ರಿ? ಅವರು ನನ್ನ ಕೇಳಲಿ, ಡೈರಿ ತುಂಬಿಸಿ ಕಳಸ್ತೀನಿ."

ಮರುವಾರವೇ ಸಾಹೇಬರನ್ನು ಹೋಳಿಗೆ ಊಟಕ್ಕೆ ಕರೆದೆ. ಎರಡನೆಯ ಹೋಳಿಗೆಯ ಹೊತ್ತಿಗೆ ಅವರು ಅವಳ ಕಡೆ ತಿರುಗಿ ಅದೇ ವಾಕ್ಯ ಕೇಳಿಯೇಬಿಟ್ಟರು. ನಾನು ತುಪ್ಪದ ತಂಬಿಗೆ ಹಿಡಿದುಕೊಂಡೇ ನಿಂತೆ. ಅವಳು ಸೆರಗು ಸರಿಮಾಡಿಕೊಂಡು, "ನಮಗೇನ್ರಿ, ಎಲ್ಲಾ ಆರಾಮ ಅದ. ರೀ, ಹಂಗ ನಿಂತೀರಲ್ಲಾ, ಸಾಹೇಬರಿಗೆ ತುಪ್ಪ ಬಡಸ್ರಿ" ಎಂದಳು.

ನಾನು ಬಡಿಸಿದೆ.