ಅಮ್ಮನವರ ಅಂತಸ್ತಿಗೆ ತಕ್ಕ ಕಿಂಡಿ

ಹೊಲ್ಲೋವಾರ್ ಕೋಟೆಯಲ್ಲಿ ಕಸೂತಿಯನ್ನೂ ಸನ್ನಡತೆಯನ್ನೂ ಕಲಿಯಲು ಸೇರಿದ ಹುಡುಗಿಯರ ಪೈಕಿ ಮೂವತ್ತೇಳು ಮಂದಿ ಒಂದೇ ವರ್ಷದಲ್ಲಿ ತೀರಿಕೊಂಡರೂ ಅವರಲ್ಲಿ ಒಬ್ಬಳೂ ಯಾವ ದೂರನ್ನೂ ಕೊಟ್ಟಿರಲಿಲ್ಲ. ಇದು ದಫ್ತರದಲ್ಲಿ ದಾಖಲಾಗಿರುವ ಸಂಗತಿ. ಸಾವಿನ ಪುಸ್ತಕದಲ್ಲಿ ಪಾದ್ರಿಗಳು ಪ್ರತಿಯೊಬ್ಬಳ ಹೆಸರಿನ ಮುಂದೆ ‘ಜ್ವರ’ ಎಂದು ಬರೆಯುತ್ತಿದ್ದರು. ಹದಿನೈದನೆಯವಳ ಹೊತ್ತಿಗೆ ಅವರಿಗೆ ಕೈ ನೋವು ಬಂದು, ಅಲ್ಲಿಂದ ಮುಂದಕ್ಕೆ ‘ಮೇಲಿನಂತೆ’ ಎಂದು ಬರೆದರು.

ಕೋಟೆಯ ಕೆಳಗಿನ ಊರಿನಲ್ಲಿ ಬೋರ್ಬಾಲಾ ಎಂಬ ವಿಧವೆ ಬ್ರೆಡ್ಡು ಸುಟ್ಟು ಬದುಕುತ್ತಿದ್ದಳು. ಗಂಡ ತುರ್ಕರ ಮೇಲಿನ ಯುದ್ಧಕ್ಕೆ ಹೋದವನು ಹಿಂದಿರುಗಿರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಹದಿನಾರು ವರ್ಷದ ಪನ್ನಾ. ಈಸ್ಟರ್ ಕಳೆದ ವಾರ ಕೋಟೆಯ ಒಡತಿ ಕೌಂಟೆಸ್ ಮಗ್ದೋಲ್ನಾ ಅಮ್ಮನವರಿಂದ ಪನ್ನಾಳಿಗೆ ಕರೆ ಬಂದಾಗ ಓಣಿಯ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ಪಕ್ಕದ ಮನೆಯ ಯುದಿತ್ ಬೇಲಿಯ ಮೇಲಿಂದಲೇ ಕೂಗಿದ್ದಳು: “ಬಿಡೇ ನಿಂದು! ನಾಳೆ ಮಗಳು ರೇಷ್ಮೆ ಉಟ್ಕೊಂಡು ಬಂದ್ರೆ ನಮ್ಮ ಮನೆ ಕಡೆ ಮುಖ ಮಾಡ್ತೀಯೇನೇ ನೀನು?”

ಬೋರ್ಬಾಲಾ ದಿನಾ ಬೆಳಿಗ್ಗೆ ಕೋಟೆಯ ಅಡುಗೆಮನೆಗೆ ಬ್ರೆಡ್ಡು ಹೊತ್ತು ಹೋಗುತ್ತಿದ್ದಳು. ಅಂಗಳದ ಆಚೆ ಮಗಳು ಕಾಣುತ್ತಿದ್ದಳು. ಗೋಧಿ ಕೊಯ್ಲಿನ ಹೊತ್ತಿಗೆ ಅವಳ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ದ್ರಾಕ್ಷಿ ಕೀಳುವ ಹೊತ್ತಿಗೆ ಎಲ್ಲ ಬೆರಳಿಗೂ ಸುತ್ತಿತ್ತು. ಆಮೇಲೆ ಗೋಡೆ ಹಿಡಿದು ನಡೆಯತೊಡಗಿದಳು. ತಾಯಿ ಕೈಸನ್ನೆ ಮಾಡಿ ಕರೆದರೆ ಬೇಡವೆಂದು ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಇಂಥ ಸಮಯದಲ್ಲಿ ರಾಜಪ್ರತಿನಿಧಿಗಳ ಅಪ್ಪಣೆಯಂತೆ ವಿಚಾರಣಾಧಿಕಾರಿ ಬೆನೆದೆಕ್ ಅವರು ಊರಿಗೆ ಬಂದು ಹೆಂಡದಂಗಡಿಯ ದೊಡ್ಡ ಮೇಜಿನ ಮುಂದೆ ಕುಳಿತರು. ಅವರು ಪ್ರಾಮಾಣಿಕರು, ಊರಿನವರು ತಂದುಕೊಟ್ಟ ಬಾತುಕೋಳಿಯನ್ನು ಮೊದಲು ಪಟ್ಟಿಯಲ್ಲಿ ಬರೆದುಕೊಂಡೇ ತಿಂದರು. ಪ್ರತಿಯೊಬ್ಬರಿಗೂ ಅವರು ಕೇಳುತ್ತಿದ್ದದ್ದು ಕಾನೂನಿನಲ್ಲಿ ಹೇಳಿರುವ ಮೂರೇ ಪ್ರಶ್ನೆ: ಬಲ್ಲೆಯಾ? ಕಂಡೆಯಾ? ಕೇಳಿದೆಯಾ?

“ಕಂಡಿದ್ದೀನಿ ಸ್ವಾಮಿ,” ಎಂದಳು ಬೋರ್ಬಾಲಾ. “ನನ್ನ ಮಗಳ ಬೆರಳು ಕಂಡಿದ್ದೀನಿ. ಅವಳು ನಡೆಯೋದು ಕಂಡಿದ್ದೀನಿ.”

“ನಡೀತಾಳೆ ಅಂದ್ರೆ ಬದುಕಿದ್ದಾಳೆ.”

“ಇವತ್ತಿಗೆ ಬದುಕಿದ್ದಾಳೆ.”

ಬೆನೆದೆಕ್ ಅವರು ಲೇಖನಿ ಕೆಳಗಿಟ್ಟರು. “ನೋಡಮ್ಮ, ನಾನು ಬಂದಿರೋದು ಕೊಲೆಯ ವಿಚಾರಣೆಗೆ. ಬದುಕಿರೋರ ವಿಷಯ ನನ್ನ ವ್ಯಾಪ್ತಿಗೆ ಬರೋದಿಲ್ಲ. ಏನಾದ್ರೂ ಆದ ಮಾರನೇ ದಿನ ಬನ್ನಿ, ಮೊದಲು ನಿಮ್ಮನ್ನೇ ಕರೀತೀನಿ.”

“ಆದಮೇಲೆ ಬಂದು ನಾನೇನು ಮಾಡ್ಲಿ ಸ್ವಾಮಿ?”

“ಪ್ರಮಾಣ ಮಾಡಿ.”

ಆದರೆ ಪ್ರಮಾಣಕ್ಕೂ ತೂಕವುಂಟು ಎಂಬುದನ್ನು ಅವರು ತಾಳ್ಮೆಯಿಂದಲೇ ವಿವರಿಸಿದರು. ಕುಲೀನನೊಬ್ಬನ ಪ್ರಮಾಣಕ್ಕೆ ಸಮನಾಗಬೇಕಾದರೆ ಐವತ್ತು ರೈತರು ಒಂದೇ ಸಂಗತಿಯನ್ನು ಕಂಡಿರಬೇಕು. ಹೆಂಗಸರಾದರೆ ನೂರು. ಅಮ್ಮನವರ ಒಳಕೋಣೆಯಲ್ಲಿ ನಡೆದದ್ದನ್ನು ನೂರು ಹೆಂಗಸರು ಒಟ್ಟಿಗೆ ಕಂಡಿರಬೇಕಾದರೆ ಆ ಕೋಣೆಯಲ್ಲಿ ನೂರು ಹೆಂಗಸರು ಹಿಡಿಸಬೇಕು. ಬೆನೆದೆಕ್ ಅವರು ಕೋಣೆಯ ಅಳತೆ ತರಿಸಿದರು. ಹನ್ನೊಂದು ಜನ ಮಾತ್ರ ಹಿಡಿಸುವರೆಂದು ತಿಳಿದುಬಂತು. ಹೀಗಾಗಿ ಇನ್ನೂರ ಹದಿನಾಲ್ಕು ಜನರ ಹೇಳಿಕೆ ಬರೆದುಕೊಂಡರೂ ಏನೂ ನಡೆದಿಲ್ಲವೆಂಬುದು ಸ್ಥಿರಪಟ್ಟಿತು.

ಅಷ್ಟರಲ್ಲಿ ಮೂವತ್ತೆಂಟನೆಯವಳು ತೀರಿಕೊಂಡಳು. ಇವಳ ಚಿಕ್ಕಪ್ಪ ಬೆಟ್ಟದಾಚೆಯ ಒಬ್ಬ ಬಡವ. ಕಾಲಿಗೆ ತೊಗಲಿನ ಪಟ್ಟಿ ಸುತ್ತಿಕೊಂಡು ತನ್ನ ಹಂದಿಗಳನ್ನು ತಾನೇ ಮೇಯಿಸುತ್ತಿದ್ದ. ಆದರೆ ಅವನ ಮನೆಯ ಪೆಟ್ಟಿಗೆಯಲ್ಲಿ, ಈರುಳ್ಳಿಯ ಕೆಳಗೆ, ಅವನ ಮುತ್ತಜ್ಜ ಕುಲೀನನೆಂದು ಸಾರುವ ರಾಜಮುದ್ರೆಯ ಚರ್ಮದ ಕಾಗದವಿತ್ತು. ಅವನು ಅದನ್ನು ಒರೆಸಿಕೊಂಡು ತಂದು ಮೇಜಿನ ಮೇಲೆ ಹರಡಿದ. ಬೆನೆದೆಕ್ ಅವರು ಎದ್ದು ನಿಂತು, ಟೋಪಿ ತೆಗೆದು, ಹೊಲ್ಲೋವಾರ್‌ನಲ್ಲಿ ಇದುವರೆಗೆ ಒಂದು ಕೊಲೆ ನಡೆದಿದೆ ಎಂದು ಬರೆದರು.

ನವೆಂಬರಿನ ಸಂತ ಮಾರ್ಟಿನನ ಹಬ್ಬ ಕಳೆದ ಎರಡನೆಯ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ತೀರ್ಪನ್ನು ಓದಲಾಯಿತು:

“ಅಮ್ಮನವರ ಕೈಕೆಳಗಿನ ಮೂವರು ಮುದುಕಿಯರು ತಪ್ಪೊಪ್ಪಿಕೊಂಡಿರುವುದರಿಂದ ಅವರನ್ನು ಸುಡತಕ್ಕದ್ದು. ಅಮ್ಮನವರನ್ನು ನ್ಯಾಯಸ್ಥಾನಕ್ಕೆ ಕರೆದಲ್ಲಿ ಘನ ಮನೆತನಗಳಿಗೆ ಮುಜುಗರವಾಗುವುದರಿಂದ ಕರೆಯತಕ್ಕದ್ದಲ್ಲ. ಆದರೂ ನ್ಯಾಯವು ಯಾರನ್ನೂ ಬಿಡುವುದಿಲ್ಲವಾದ್ದರಿಂದ ಅವರನ್ನು ಅವರ ಸ್ವಂತ ಕೋಟೆಯಲ್ಲೇ ಇರಿಸಿ, ಹೆಬ್ಬಾಗಿಲನ್ನೂ ಕಿಟಕಿಗಳನ್ನೂ ಕಲ್ಲಿನಿಂದ ಕಟ್ಟಿ ಮುಚ್ಚತಕ್ಕದ್ದು. ಕೌಂಟೆಸ್ ಅಂತಸ್ತಿನವರ ಬಳಿ, ಸೆರೆಯಲ್ಲಿದ್ದಾಗಲೂ, ಇಪ್ಪತ್ತನಾಲ್ಕಕ್ಕೆ ಕಡಿಮೆಯಿಲ್ಲದಷ್ಟು ಸೇವಕಿಯರು ಇರತಕ್ಕದ್ದು; ಈಗ ಕೋಟೆಯಲ್ಲಿರುವ ಹುಡುಗಿಯರು ಈ ಲೆಕ್ಕಕ್ಕೆ ಸರಿಹೋಗುವರು.”

ಜನರು ಟೋಪಿಗಳನ್ನು ಗಾಳಿಗೆ ಎಸೆದರು. ಬೋರ್ಬಾಲಾ ಬೆನೆದೆಕ್ ಅವರ ಕುದುರೆಯ ಲಗಾಮು ಹಿಡಿದಳು.

“ಸ್ವಾಮಿ, ನನ್ನ ಮಗಳು ಏನು ತಪ್ಪು ಮಾಡಿದ್ದಾಳೆ ಅಂತ ಸೆರೆ?”

“ಅವಳಿಗ್ಯಾಕಮ್ಮ ಸೆರೆ? ಸೆರೆ ಅಮ್ಮಾವ್ರಿಗೆ. ನಿಮ್ಮ ಮಗಳು ಸ್ವತಂತ್ರಳು.”

“ಹಾಗಾದ್ರೆ ಮನೆಗೆ ಬರಲಿ.”

“ಧಾರಾಳವಾಗಿ ಬರಲಿ, ಯಾವ ಕಾನೂನೂ ತಡೆಯೋಲ್ಲ. ಬಾಗಿಲು ಮಾತ್ರ ಇರೋಲ್ಲ.”

“ಒಂದು ಬಾಗಿಲು ಇಡ್ಸಿ ಸ್ವಾಮಿ!”

“ಬಾಗಿಲು ಇಟ್ರೆ ಅಮ್ಮಾವ್ರಿಗೆ ಶಿಕ್ಷೆ ಆದಂಗೆ ಆಯ್ತೇನಮ್ಮ? ಮೂವತ್ತೆಂಟು ಮಂದಿ ಸತ್ತಿದ್ದಾರೆ. ಸ್ವಲ್ಪ ಮನುಷ್ಯತ್ವ ಬೇಡವೇ?”

ಗೋಡೆ ಕಟ್ಟಲು ಗಾಶ್ಪಾರ್ ಎಂಬ ಗಾರೆಯವನನ್ನು ನೇಮಿಸಿದರು. ಹೆಬ್ಬಾಗಿಲ ಗೋಡೆಯಲ್ಲಿ ಊಟ ಕೊಡಲು ಒಂದು ಕಿಂಡಿ ಬೇಕಿತ್ತು. ಇದರ ಅಳತೆಯ ಬಗ್ಗೆ ಅಪ್ಪಣೆಯಲ್ಲಿ ಇದ್ದದ್ದು ಒಂದೇ ಸಾಲು: ‘ಅಮ್ಮನವರ ಅಂತಸ್ತಿಗೆ ತಕ್ಕ ಬ್ರೆಡ್ಡು, ಮುರಿಯದೆ, ಒಳಗೆ ಹೋಗುವಷ್ಟು.’ ಅಂಥ ಬ್ರೆಡ್ಡು ಎಷ್ಟು ದೊಡ್ಡದೆಂಬುದು ಬೆನೆದೆಕ್ ಅವರಿಗೂ ಗೊತ್ತಿರಲಿಲ್ಲ. ಗಾಶ್ಪಾರ್‌ನನ್ನೂ ಕರೆದುಕೊಂಡು ಅವರು ಬೋರ್ಬಾಲಾಳ ಭಟ್ಟಿಗೆ ಬಂದರು.

ಬೋರ್ಬಾಲಾ ಹಿಟ್ಟಿನ ಕೈಯನ್ನು ಒರೆಸಿಕೊಂಡಳು. ಆಮೇಲೆ ಹೇಳಿದಳು: “ಕೂಲಿಯವರ ಬ್ರೆಡ್ಡು ನನ್ನ ಎರಡು ಅಂಗೈ ಅಗಲ ಸ್ವಾಮಿ. ಊರ ಯಜಮಾನ್ರದ್ದು ಮೂರು. ಪಾದ್ರಿಗಳದ್ದು ಮೂರೂವರೆ, ಅವರು ದೇವರ ಕಡೆಯೋರು. ತಮ್ಮಂಥೋರು ಬಂದ್ರೆ ನಾಲ್ಕು.”

“ನಾಲ್ಕಾ?” ಬೆನೆದೆಕ್ ಅವರ ಮುಖ ಅರಳಿತು. “ಮತ್ತೆ ಅಮ್ಮಾವ್ರದ್ದು?”

“ಅವರು ತಮಗಿಂತ ಎಷ್ಟು ದೊಡ್ಡೋರು ಅನ್ನೋದನ್ನ ತಾವೇ ಹೇಳ್ಬೇಕು. ನಾನು ಹೆಂಗಸು, ಕಮ್ಮಿ ಹೇಳಿ ನಾಳೆ ಅವರ ಮನೆತನಕ್ಕೆ ಅವಮಾನ ಆದ್ರೆ ಯಾರು ಹೊಣೆ?”

ಬೆನೆದೆಕ್ ಅವರು ಗಾಬರಿಯಾದರು. “ಚಿಕ್ಕದಾಗೋದು ಬೇಡ. ಆದಷ್ಟೂ ದೊಡ್ಡದು ಮಾಡಿ. ಮಾದರಿ ನೋಡಿ ಇವನು ಅಳತೆ ತಗೋತಾನೆ,” ಎಂದು ಹೊರಟುಹೋದರು.

ಗಾಶ್ಪಾರ್ ಅಲ್ಲೇ ನಿಂತಿದ್ದ. ಬೋರ್ಬಾಲಾ ಒಳಗೆ ಹೋಗಿ ಪನ್ನಾಳ ಹಳೆಯ ರವಿಕೆಯೊಂದನ್ನು ತಂದು ಹಿಟ್ಟಿನ ಹಲಗೆಯ ಮೇಲೆ ಹರಡಿದಳು. ಭುಜದಿಂದ ಭುಜಕ್ಕೆ ಗೇಣು ಹಾಕಿದಳು.

“ಇದು ಯಾವಾಗಿಂದು ಅಕ್ಕಾ?” ಎಂದ ಗಾಶ್ಪಾರ್.

“ಈಸ್ಟರಿಂದು.”

“ಈಗ ಅಷ್ಟಿರೋಲ್ಲ ಬಿಡು.”

“ಇರಲಿ. ಭಟ್ಟಿಯಲ್ಲಿ ಬ್ರೆಡ್ಡು ಉಬ್ಬುತ್ತೆ ಅಂತ ಎರಡು ಬೆರಳು ಜಾಸ್ತಿ ಬಿಡಪ್ಪ.”

“ಮೂರು ಬಿಡ್ತೀನಿ,” ಎಂದ ಅವನು. “ನನ್ನ ಗಾರೆ ಒಣಗಿದ್ಮೇಲೆ ಕುಗ್ಗೋದಿಲ್ಲ, ಆದ್ರೂ ಕುಗ್ಗುತ್ತೆ ಅಂತ ಬರ್ಸ್ತೀನಿ.”

ಬ್ರೆಡ್ಡು ಬೆಂದ ಮೇಲೆ ಭಟ್ಟಿಯ ಬಾಯನ್ನು ಒಡೆದೇ ಹೊರಗೆ ತೆಗೆಯಬೇಕಾಯಿತು. ಇಬ್ಬರು ಗಂಡಸರು ಅದನ್ನು ಬಾಗಿಲ ಹಲಗೆಯ ಮೇಲಿಟ್ಟು ಮೆರವಣಿಗೆಯಲ್ಲಿ ಬೆಟ್ಟ ಹತ್ತಿಸಿದರು. ಬೆನೆದೆಕ್ ಅವರು ಅದರ ಸುತ್ತ ಒಂದು ಸುತ್ತು ಬಂದು, ಇದು ನಿಜಕ್ಕೂ ಕೌಂಟೆಸ್ ಅಂತಸ್ತಿನ ಬ್ರೆಡ್ಡು ಎಂದು ಒಪ್ಪಿ ಮೊಹರು ಹಾಕಿದರು. ಗೋಡೆ ಎದ್ದಿತು. ಕಿಂಡಿಯ ಪಕ್ಕ ಒಬ್ಬ ಕಾವಲುಗಾರನನ್ನೂ, ಒಳಗೆ ಹೋದದ್ದನ್ನೆಲ್ಲ ಬರೆಯಲು ಒಂದು ಪುಸ್ತಕವನ್ನೂ ಇಟ್ಟರು.

ಮೊದಲ ದಿನ ಬೆಳಿಗ್ಗೆ ಹಿಮ ಬೀಳುತ್ತಿತ್ತು. ಬೋರ್ಬಾಲಾ ಬ್ರೆಡ್ಡನ್ನು ಒಳಗೆ ತಳ್ಳಿ, ಕಿಂಡಿಗೆ ಬಾಯಿಟ್ಟು ಒಂದೇ ಹೆಸರು ಕರೆದಳು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕೂದಲಿನ ತಲೆಯೊಂದು ಹೊರಗೆ ಬಂತು. ಆಮೇಲೆ ಒಂದು ಕೈ. ಇನ್ನೂ ಉಜ್ಜದ ಕಲ್ಲಿನ ಒರಟು ಅಂಚಿಗೆ ಭುಜ ಸಿಕ್ಕಿಕೊಂಡಿತು. ಬೋರ್ಬಾಲಾ ಸೊಂಟದ ಚೀಲದಿಂದ ಬಾತುಕೋಳಿಯ ಕೊಬ್ಬು ತೆಗೆದು ಕಲ್ಲಿಗೆ ಸವರಿದಳು.

“ಅಮ್ಮಾ, ನೋವಾಗತ್ತೆ.”

“ಆಗಲಿ ಬಾ.”

“ಚರ್ಮ ಕಿತ್ತು ಬರ್ತಿದೆ ಅಮ್ಮಾ.”

“ಚರ್ಮ ಬೆಳಿಯತ್ತೆ. ಬಾ ಅಂದೆ.”

ಪನ್ನಾ ಹಿಮದ ಮೇಲೆ ಬಿದ್ದಳು. ಬೋರ್ಬಾಲಾ ತನ್ನ ಶಾಲನ್ನು ಅವಳ ಮೇಲೆ ಹಾಕಿ, ಶಾಲಿನ ಸಮೇತ ಬಿಗಿಯಾಗಿ ತಬ್ಬಿಕೊಂಡಳು. ಕಾವಲುಗಾರ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಹೊರಗೆ ಬಂದದ್ದನ್ನು ಬರೆಯಲು ಅಂಕಣವೇ ಇಲ್ಲದ್ದನ್ನು ಕಂಡು ತುತ್ತೂರಿ ಊದಿದ.

ಬೆನೆದೆಕ್ ಅವರು ಊಟ ಬಿಟ್ಟು ಬಂದರು. ಮೊದಲು ಗೋಡೆಯನ್ನು ಪರೀಕ್ಷಿಸಿದರು. ಒಂದು ಕಲ್ಲೂ ಅಲುಗಿರಲಿಲ್ಲ. ಸೆರೆಯಾಳು ಒಳಗೇ ಇದ್ದರು. ಮೊಹರು ಮೊಹರಾಗಿಯೇ ಇತ್ತು. ಅಪರಾಧ ಯಾವುದೂ ಕಾಣದೆ ಅವರು ಬಹಳ ಕಷ್ಟಕ್ಕೆ ಸಿಕ್ಕಿದರು. ಕೊನೆಗೆ ಕೋಟೆಯ ಅಡುಗೆಮನೆಯ ಹಳೆಯ ಕಟ್ಟಳೆಗಳನ್ನು ತರಿಸಿ ಓದಿದರು. ಅದರಲ್ಲಿ ಹೀಗಿತ್ತು: ‘ಊಟ ಕೊಟ್ಟ ದಾರಿಯಲ್ಲೇ ಹಿಂದಕ್ಕೆ ಬಂದದ್ದು ಎಂಜಲು. ಎಂಜಲು ಬ್ರೆಡ್ಡು ಸುಟ್ಟವರಿಗೆ ಸೇರತಕ್ಕದ್ದು, ಹಂದಿಗಳಿಗಾಗಿ.’

“ಹಂದಿ ಇದೆಯೇನಮ್ಮ ನಿಮ್ಮನೇಲಿ?”

“ಒಂದಿದೆ ಸ್ವಾಮಿ.”

“ಸರಿ ಹಾಗಾದ್ರೆ,” ಎಂದು ನಿಟ್ಟುಸಿರು ಬಿಟ್ಟು, ಮೇಲ್ಕಂಡ ಎಂಜಲನ್ನು ಬೋರ್ಬಾಲಾಳಿಗೆ ಒಪ್ಪಿಸಿದ್ದಾಗಿ ಬರೆದುಕೊಟ್ಟರು. ಎಂಜಲು ಹೆಬ್ಬೆಟ್ಟು ಒತ್ತಬೇಕಾಗಿತ್ತು, ಬೆರಳುಗಳು ಆ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ವಿನಾಯಿತಿ ದೊರೆಯಿತು.

ನಾಲ್ಕೇ ದಿನಗಳಲ್ಲಿ ಉಳಿದ ಇಪ್ಪತ್ಮೂರು ಹುಡುಗಿಯರೂ ಅದೇ ಕಿಂಡಿಯಿಂದ ಹೊರಗೆ ಬಂದರು. ಅಮ್ಮನವರ ಮನೆಯ ಊಟದ ಪದ್ಧತಿಯಿಂದಾಗಿ ಯಾರಿಗೂ ಭುಜದ ತೊಂದರೆ ಆಗಲಿಲ್ಲ. ಪ್ರತಿಯೊಬ್ಬಳ ತಾಯಿಗೂ ಎಂಜಲಿನ ಕಾಗದ ಸಿಕ್ಕಿತು. ಹಂದಿ ಇಲ್ಲದವರು ಪಕ್ಕದ ಮನೆಯ ಹಂದಿ ತೋರಿಸಿದರು.

ಐದನೆಯ ದಿನ ಕಿಂಡಿಯಿಂದ ಅಮ್ಮನವರ ಪತ್ರ ಬಂತು. ಜಡೆ ಹಾಕಲು ಯಾರೂ ಇಲ್ಲ, ಇದು ತೀರ್ಪಿನ ಉಲ್ಲಂಘನೆ ಎಂದು ಅವರು ಬರೆದಿದ್ದರು. ಬೆನೆದೆಕ್ ಅವರು ತೀರ್ಪನ್ನು ತೆಗೆದು ನೋಡಿದರು. ಅಮ್ಮನವರ ಮಾತು ಅಕ್ಷರಶಃ ನಿಜವಾಗಿತ್ತು. ಮರುದಿನ ಹನ್ನೆರಡು ಹಳ್ಳಿಗಳಲ್ಲಿ ಡಂಗುರ ಹೊಡೆಸಿದರು: “ಹೊಲ್ಲೋವಾರ್ ಕೋಟೆಯಲ್ಲಿ ಇಪ್ಪತ್ತನಾಲ್ಕು ಸ್ಥಾನಗಳು ಖಾಲಿ ಇವೆ. ಕಸೂತಿ, ಸನ್ನಡತೆ, ಚಳಿಗಾಲಕ್ಕೆ ಒಂದು ಜೊತೆ ಬೂಟು. ಕೋಟೆಯು ಈಗ ಸರ್ಕಾರದ ಕಾವಲಿನಲ್ಲಿದ್ದು, ಅಮ್ಮನವರಿಗೆ ಈಗಾಗಲೇ ಶಿಕ್ಷೆಯಾಗಿರುವುದರಿಂದ ಯಾವ ಭಯವೂ ಇರುವುದಿಲ್ಲ.”

ಸೋಮವಾರದ ಹೊತ್ತಿಗೆ ಬೆಟ್ಟದ ದಾರಿಯಲ್ಲಿ ಸಾಲು ನಿಂತಿತು. ಪಾದ್ರಿಗಳು ಬಂದು ಸಾಲನ್ನು ಹರಸಿದರು. ಗಾಶ್ಪಾರ್ ಕಿಂಡಿಯ ಅಂಚನ್ನು ನುಣ್ಣಗೆ ಉಜ್ಜಿಕೊಟ್ಟ. ಒಳಗೆ ಹೋಗುವ ಹುಡುಗಿಯರ ಬಟ್ಟೆ ಹರಿಯಬಾರದೆಂದು ಅಪ್ಪಣೆಯಾಗಿತ್ತು.

ಬೋರ್ಬಾಲಾ ಅಂದಿನ ಬ್ರೆಡ್ಡು ಹೊರಡಿಸುತ್ತಿದ್ದಾಗ ಯುದಿತ್ ತನ್ನ ಮಗಳನ್ನು ಕೈಹಿಡಿದು ಒಳಗೆ ಬಂದಳು. ಹುಡುಗಿಗೆ ಹೊಸ ಲಂಗ ತೊಡಿಸಿ, ಕೆನ್ನೆ ಕೆಂಪಾಗಲೆಂದು ಚಿವುಟಿ ತಂದಿದ್ದಳು. ಒಳಕೋಣೆಯಲ್ಲಿ ಪನ್ನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ನೋಡೇ ಬೋರ್ಬಾಲಾ,” ಎಂದಳು ಯುದಿತ್, ದನಿ ತಗ್ಗಿಸಿ. “ನಿನ್ನ ಮಗಳ ಜಾಗ ಇನ್ನೂ ಖಾಲಿ ಇದೆಯಂತೆ. ಆ ಅಧಿಕಾರಿ ನೀನು ಹೇಳಿದ್ರೆ ಕೇಳ್ತಾರೆ. ನಮ್ಮ ಹುಡುಗಿಗೆ ಒಂದು ಮಾತು ಹೇಳೇ, ನಿನ್ನ ದಮ್ಮಯ್ಯ.”

“ಯುದಿತ್, ಪನ್ನಾನ ಕೈ ನೋಡಿದ್ಯೇನೇ ನೀನು?”

“ಅದು ಆಗಿನ ಕಾಲ ಕಣೇ. ಈಗ ಕಾವಲು ಇದೆ, ಪುಸ್ತಕ ಇದೆ, ಎಲ್ಲಾ ಕಾನೂನು ಪ್ರಕಾರ. ನಿನ್ನ ಮಗಳು ವಾಪಸ್ ಬರ್ಲಿಲ್ವಾ? ನಿಂದಾದ್ರೆ ಆಗಬಹುದು, ನಮ್ದು ಆಗಬಾರ್ದಾ? ಹೊಟ್ಟೆಕಿಚ್ಚು ನಿಂಗೆ!”

ಬೋರ್ಬಾಲಾ ಹುಡುಗಿಯ ಹಿಂದೆ ಹೋಗಿ ನಿಂತು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಗೇಣು ಹಾಕಿದಳು. ಮತ್ತೊಮ್ಮೆ ಹಾಕಿ ನೋಡಿದಳು.

“ಇವಳದು ಭುಜ ಅಗಲ ಕಣೇ,” ಎಂದಳು.

“ನಮ್ಮ ಮನೆ ಮೈಕಟ್ಟೇ ಹಾಗೆ,” ಎಂದಳು ಯುದಿತ್ ಹೆಮ್ಮೆಯಿಂದ. “ಒಳಗೆ ಹೋಗೋಕೆ ಸ್ವಲ್ಪ ಕಷ್ಟ ಆಗಬಹುದು. ಇಬ್ಬರು ಹಿಂದಿನಿಂದ ತಳ್ತೀವಿ ಬಿಡು.”