ಮೂರನೆಯ ಪೈಪಿನ ಮೇಲಿನ ಇಲಾಖಾ ವಿಚಾರಣೆ

ಸಮನ್ವಯ ಇಲಾಖೆಯ ಪ್ರಧಾನ ಕಚೇರಿಯ ಹಜಾರದಲ್ಲಿರುವ ಮೀನಿನ ತೊಟ್ಟಿಗೆ ಒಟ್ಟು ಮೂರು ಪೈಪುಗಳಿದ್ದು, ಅವುಗಳ ಪೈಕಿ ಮೂರನೆಯದು ಕಳೆದ ಹನ್ನೊಂದು ವರ್ಷಗಳಿಂದ ಯಾವ ಕೆಲಸವನ್ನೂ ಮಾಡಿರುವುದಿಲ್ಲವೆಂಬ ಸಂಗತಿಯು ನಿಷ್ಕ್ರಿಯತಾ ನಿರ್ಮೂಲನಾ ಸಪ್ತಾಹದ ಎರಡನೇ ದಿನ ಬೆಳಿಗ್ಗೆ ಹತ್ತೂಕಾಲಿಗೆ ಪತ್ತೆಯಾಯಿತು.

ಪತ್ತೆ ಮಾಡಿದವರು ತಪಾಸಣಾಧಿಕಾರಿಗಳು. ಅವರ ವಿಧಾನ ಸರಳ. ಕೈಯಲ್ಲೊಂದು ರಿಜಿಸ್ಟರು, ಅದರಲ್ಲಿ ಎರಡೇ ಕಲಮು: ‘ಕೆಲಸ ಮಾಡುತ್ತಿದೆ’, ‘ಮಾಡುತ್ತಿಲ್ಲ’. ಕುರ್ಚಿ, ಫ್ಯಾನು, ಗುಮಾಸ್ತ, ಯಾವುದು ಎದುರಾದರೂ ಒಂದು ನಿಮಿಷ ದಿಟ್ಟಿಸಿ ನೋಡಿ ಗುರುತು ಹಾಕಿಬಿಡುವುದು. ಹಾಗಾಗಿ ಆ ವಾರ ಕಚೇರಿಯಲ್ಲಿ ಯಾರೂ ಯೋಚನೆ ಮಾಡಲಿಲ್ಲ. ಯೋಚಿಸುವವನು ನೋಡುವವರ ಕಣ್ಣಿಗೆ ಸುಮ್ಮನೆ ಕೂತವನ ಹಾಗೇ ಕಾಣುತ್ತಾನಲ್ಲ!

ತೊಟ್ಟಿಯ ಉಸ್ತುವಾರಿ ನಲ್ಲಿಯಣ್ಣನದು. ಅವನಿಗೆ ಬೇರೊಂದು ಹೆಸರಿತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದಿಲ್ಲ. ತೊಟ್ಟಿಯ ಕೆಳಗೆ ಬೀರುವಿನಂಥ ಪೆಟ್ಟಿಗೆ, ಅದರೊಳಗೆ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ನೀರು ಮೊದಲನೆಯ ಪೈಪಿನಲ್ಲಿ ಕೆಳಗಿಳಿದು, ಸೋಸಿಕೊಂಡು, ಪಂಪಿನ ಬಲದಿಂದ ಎರಡನೆಯ ಪೈಪಿನಲ್ಲಿ ಮತ್ತೆ ಮೇಲೇರುತ್ತಿತ್ತು. ಏರಿದಷ್ಟೇ ಇಳಿಯಬೇಕು. ಇಳಿಯುವ ಪೈಪಿನ ವಾಲ್ವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಆ ಸಮವನ್ನು ಕಾಯುವುದು ನಲ್ಲಿಯಣ್ಣನ ಕಸುಬು. ವಾಲ್ವು ಹೆಚ್ಚು ತೆರೆದರೆ ಪೈಪು ಗಾಳಿ ನುಂಗಿ ಗೊರಗೊರ ಎನ್ನುತ್ತಿತ್ತು. ಹೆಚ್ಚು ಮುಚ್ಚಿದರೆ ಮೇಲೆ ನೀರು ಏರುತ್ತಿತ್ತು. ಸರಿಯಾಗಿದ್ದರೆ ಸದ್ದೇ ಇಲ್ಲ. ದಿನಕ್ಕೆ ನಾಲ್ಕು ಸಲ ಅವನು ಮಂಡಿಯೂರಿ ಪೆಟ್ಟಿಗೆಯೊಳಗೆ ತಲೆ ತೂರಿಸುತ್ತಿದ್ದ. ಏನೂ ಕೇಳಿಸದಿದ್ದರೆ ಸಮಾಧಾನದಿಂದ ಎದ್ದು ಬರುತ್ತಿದ್ದ.

ಮೂರನೆಯ ಪೈಪಿನ ಬಾಯಿ ಮಾತ್ರ ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲಿತ್ತು. ಮೊದಲನೆಯದು ಎಂದಾದರೂ ಕಟ್ಟಿಕೊಂಡರೆ, ಏರಿದ ನೀರು ನೆಲಕ್ಕೆ ಚೆಲ್ಲದೆ ಇದರಲ್ಲಿ ಇಳಿಯಲಿ ಎಂದು.

ತೊಟ್ಟಿಯಲ್ಲಿ ಹದಿನಾಲ್ಕು ಮೀನುಗಳಿದ್ದವು. ಅವುಗಳಲ್ಲಿ ಹಿರಿಯಳು, ಅಂಗೈಗಿಂತ ದೊಡ್ಡ ಕಿತ್ತಳೆ ಬಣ್ಣದವಳು, ನಲ್ಲಿಯಣ್ಣ ಕೆಲಸಕ್ಕೆ ಸೇರಿದ ದಿನವೇ ಬಂದವಳು. ಕಚೇರಿಯವರು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ನಲ್ಲಿಯಣ್ಣನ ಹೆಂಡತಿ ಸವತಿ ಎನ್ನುತ್ತಿದ್ದಳು. “ಮನೇಲಿ ಬಾಯಿಗೆ ಬೀಗ, ಅಲ್ಲಿ ಸವತಿ ಹತ್ರ ಗಂಟೆಗಟ್ಲೆ ಮಾತು!” ಎಂದು ಅವಳು ರೇಗಿಸಿದರೆ ಅವನು ಅಲ್ಲಗಳೆಯುತ್ತಿರಲಿಲ್ಲ. ಅವನ ಬೆರಳಿನಿಂದಲೇ ತಿನ್ನುತ್ತಿದ್ದ ಜೀವ ಅದು. ಅದರ ಮೇಲೆ ಅವನಿಗೆ ಪ್ರಾಣ.

“ಇದೇನ್ರೀ ಇದು?” ಎಂದರು ತಪಾಸಣಾಧಿಕಾರಿಗಳು.

“ಮೂರನೇ ಪೈಪು ಸಾರ್.”

“ಏನ್ ಕೆಲಸ ಮಾಡುತ್ತೆ?”

“ಏನೂ ಮಾಡಲ್ಲ ಸಾರ್. ಏನಾದ್ರೂ ಆದ್ರೆ ಮಾಡುತ್ತೆ.”

“ಏನಾದ್ರೂ ಆಗಿದ್ಯಾ?”

“ಇಲ್ಲ ಸಾರ್. ಆಗದ ಹಾಗೆ ನೋಡ್ಕೊಂಡಿದೀನಿ.”

ಅಧಿಕಾರಿಗಳು ಪೈಪಿನ ಬಾಯೊಳಗೆ ಬೆರಳು ಹಾಕಿ ತೆಗೆದರು. ಒಣಗಿತ್ತು. ಬೆರಳನ್ನು ಸಾಕ್ಷಿಗೆಂದು ಹಜಾರದಲ್ಲಿದ್ದವರಿಗೆಲ್ಲ ತೋರಿಸಿದರು.

“ಮತ್ತೆ ನೀವು?”

“ನಾನು ಕೇಳಿಸ್ಕೋತೀನಿ ಸಾರ್.”

“ಈಗೇನು ಕೇಳಿಸ್ತಿದೆ?”

“ಏನೂ ಇಲ್ಲ ಸಾರ್,” ಎಂದ ನಲ್ಲಿಯಣ್ಣ, ಹೆಮ್ಮೆಯಿಂದ.

ಎರಡು ಗುರುತುಗಳು ಒಂದೇ ಕಲಮಿನಲ್ಲಿ ಒಂದರ ಕೆಳಗೊಂದು ಬಿದ್ದವು.

ಮರುದಿನ ಪೈಪಿಗೆ ನೋಟಿಸು ಅಂಟಿಸಲಾಯಿತು. ‘ಹನ್ನೊಂದು ವರ್ಷಗಳ ನಿಮ್ಮ ನಿಷ್ಕ್ರಿಯತೆಗೆ ಕಾರಣವನ್ನು ಏಳು ದಿನಗಳೊಳಗೆ ಖುದ್ದಾಗಿ ಅಥವಾ ಲಿಖಿತ ಮೂಲಕ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮಗೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದುವರಿಯಲಾಗುವುದು.’ ನಲ್ಲಿಯಣ್ಣ ಪೈಪಿನ ಪರವಾಗಿ ಎರಡು ಪುಟ ಬರೆದ. ‘ಸಹಿ ಮಾಡಿದವರು ಪೈಪಲ್ಲ’ ಎಂಬ ಷರಾದೊಂದಿಗೆ ಅದು ವಾಪಸು ಬಂತು. ಪೈಪು ತಾನಾಗಿ ಏನೂ ಹೇಳಲಿಲ್ಲ. ಎಂಟನೆಯ ದಿನ ಆದೇಶದಂತೆ ನಲ್ಲಿಯಣ್ಣ ತನ್ನದೇ ಗರಗಸದಿಂದ ಅದನ್ನು ಕತ್ತರಿಸಿ, ತೂತಿಗೆ ಮುಚ್ಚಳ ಬಡಿದ. ಪೈಪನ್ನು ನಿರ್ದೇಶಕರ ಕೊಠಡಿಯ ಕಿಟಕಿಗೆ ಪರದೆಯ ಕೋಲಾಗಿ ಹಾಕಲಾಯಿತು. ಅಂದೇ ಅದು ‘ಕೆಲಸ ಮಾಡುತ್ತಿದೆ’ ಕಲಮಿಗೆ ಬಡ್ತಿ ಪಡೆಯಿತು. ನಲ್ಲಿಯಣ್ಣ ಖಾಲಿ ಕೂರದಿರಲೆಂದು ಮೂರನೇ ಮಹಡಿಯಲ್ಲಿ ಲಕೋಟೆಗಳಿಗೆ ಮೊಹರು ಒತ್ತುವ ಕೆಲಸವನ್ನೂ ಅವನಿಗೆ ಹಚ್ಚಿದರು.

ಇದಾದ ಹತ್ತೊಂಬತ್ತನೇ ದಿನ ತೊಟ್ಟಿಯೊಳಗಿನ ಒಂದು ಬಸವನಹುಳು ಮೊದಲನೆಯ ಪೈಪನ್ನು ಹೊಕ್ಕು ವಾಲ್ವಿನ ಬಳಿ ಸಿಕ್ಕಿಕೊಂಡಿತು. ಅದು ಕಚೇರಿಯ ಸಿಬ್ಬಂದಿಯಲ್ಲವಾದ್ದರಿಂದ ಅದರ ಮೇಲೆ ಕ್ರಮ ಜರುಗಿಸಲು ಅವಕಾಶವಿರಲಿಲ್ಲ. ಇಳಿಯುವ ನೀರು ನಿಂತಿತು, ಏರುವ ನೀರು ಏರುತ್ತಲೇ ಇತ್ತು. ಗಾಜಿನ ಅಂಚು ದಾಟಿ, ಹಜಾರ ತುಂಬಿ, ಕಡತಗಳ ಕೆಳಗಿನ ಸಾಲನ್ನು ಮುಟ್ಟಿತು. ಗುಮಾಸ್ತರು ಕಾಲುಗಳನ್ನು ಕುರ್ಚಿಯ ಮೇಲೆತ್ತಿಕೊಂಡು ಬರೆಯುವುದನ್ನು ಮುಂದುವರಿಸಿದರು. ಕೆಳಗಿನ ತೊಟ್ಟಿ ಬರಿದಾಗಿ ಪಂಪು ಸುಟ್ಟುಹೋಯಿತು.

ಊಟದ ಹೊತ್ತಿಗೆ ಮೆಟ್ಟಿಲಿಳಿದ ನಲ್ಲಿಯಣ್ಣ ನೇರ ತೊಟ್ಟಿಯತ್ತ ಓಡಿದ. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ದೊಡ್ಡಮ್ಮ ಒಂದು ಮಗ್ಗುಲಿಗೆ ವಾಲಿದ್ದಳು. ಅವನು ಕೈ ತೊಳೆಯುವಲ್ಲಿದ್ದ ಮಗ್ಗನ್ನು ಕಿತ್ತುಕೊಂಡು ಬಂದು, ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದ. ನೀರಿಗೆ ಗಾಳಿ ಸೇರಲಿ ಎಂದು ಸಂಜೆ ನಾಲ್ಕರವರೆಗೆ ಸುರಿದ. “ಏಳೇ ತಾಯಿ, ಏಳೇ,” ಎನ್ನುತ್ತಿದ್ದ. ದೊಡ್ಡಮ್ಮ ನೆಟ್ಟಗಾದಾಗ ಅವನು ಎಲ್ಲರೆದುರೇ ಅತ್ತುಬಿಟ್ಟ. ಅಳುವುದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಯಿತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಪದ್ಧತಿ ಎಲ್ಲ ಕಡೆ ಇದೆ. ಇಲ್ಲಿ ಬಾಗಿಲನ್ನೇ ವಿಚಾರಣೆಗೆ ಒಳಪಡಿಸಿದರು. ವರದಿ ಸ್ಪಷ್ಟವಾಗಿತ್ತು: ‘ತುರ್ತು ಸಂದರ್ಭದಲ್ಲಿ ಸ್ಥಳದಲ್ಲಿರಬೇಕಾಗಿದ್ದ ಮೂರನೆಯ ಪೈಪು ಆ ಸಮಯದಲ್ಲಿ ಗೈರುಹಾಜರಾಗಿದ್ದು, ನಿರ್ದೇಶಕರ ಕೊಠಡಿಯಲ್ಲಿ ಪರದೆ ಹಿಡಿದುಕೊಂಡಿದ್ದು ಕಂಡುಬಂದಿರುತ್ತದೆ. ರಜೆಯ ಅರ್ಜಿ ಇರುವುದಿಲ್ಲ.’ ಪೈಪು ನೀರಿಗೆ ಸಂಬಂಧಿಸಿದ ಯಾವುದೇ ಕೆಲಸಕ್ಕೆ ಶಾಶ್ವತವಾಗಿ ಅನರ್ಹವೆಂದು ಘೋಷಿಸಲಾಯಿತು. ಸುಟ್ಟ ಪಂಪನ್ನು ಸಾಕ್ಷ್ಯವೆಂದು ಅರಗಿನ ಮುದ್ರೆ ಹಾಕಿ ಇಟ್ಟರು. ವಿಚಾರಣೆ ಮುಗಿಯುವ ತನಕ ಹೊಸ ಪಂಪು ತರುವುದು ಹಳೆಯದರ ಮೇಲೆ ತೀರ್ಪು ಕೊಟ್ಟಂತಾಗುತ್ತದೆಂದು ಕಾನೂನು ಶಾಖೆ ಎಚ್ಚರಿಸಿತು.

ಬಸವನಹುಳುವನ್ನು ಹೊರತೆಗೆದ ಮೇಲೆ, ಪಂಪಿನ ಬದಲಿಗೆ ತಾತ್ಕಾಲಿಕವಾಗಿ ಮಾನವ ಹರಿವು ಜಾರಿಗೆ ಬಂತು. ಇಳಿಕೆ ಸಹಾಯಕರು ವಾಲ್ವು ಬಿಟ್ಟು ಬಕೆಟ್ಟಿಗೆ ನೀರು ಹಿಡಿಯುವುದು. ಏರಿಕೆ ಸಹಾಯಕರು ಏಣಿಯ ಮೇಲೆ ನಿಂತು ಮಗ್ಗಿನಿಂದ ಅದನ್ನು ಮೇಲೆ ಸುರಿಯುವುದು. ಇಬ್ಬರ ನಡುವೆ ಸಮತೋಲನ ಅಧೀಕ್ಷಕರು ಸೀಟಿ ಹಿಡಿದು ಕೂರುವುದು. ಮೀನುಗಳು ಬದುಕಿದವು. ಆದರೆ ಏರಿಕೆಯವರು ಸೀನಿದರೂ ಸಾಕು, ಬಕೆಟ್ಟು ತುಂಬಿ ನೆಲಕ್ಕೆ ಹರಿಯುತ್ತಿತ್ತು. ಆದ್ದರಿಂದ ಅಂಥ ವೇಳೆಗೆಂದು ಪಕ್ಕದಲ್ಲಿ ಖಾಲಿ ಬಕೆಟ್ಟು ಹಿಡಿದು ಒಬ್ಬರು ಸದಾ ಸಿದ್ಧರಿರತಕ್ಕದ್ದು ಎಂದಾಯಿತು. ತುರ್ತು ಬಕೆಟ್ಟಿನ ಹುದ್ದೆ ನಲ್ಲಿಯಣ್ಣನಿಗೆ ಬಂತು. ಅವನು ಖುಷಿಪಟ್ಟ. ದೊಡ್ಡಮ್ಮನ ಎದುರಿಗೇ ನಿಲ್ಲಬಹುದಿತ್ತು, ಚೆಲ್ಲುವ ನೀರಿನ ಒಂದು ಹನಿಯನ್ನೂ ಅವನು ನೆಲಕ್ಕೆ ಬಿಡಲಿಲ್ಲ.

ಮುಂದಿನ ವರ್ಷದ ನಿಷ್ಕ್ರಿಯತಾ ನಿರ್ಮೂಲನಾ ಸಪ್ತಾಹದ ಸುತ್ತೋಲೆ ಬಂದ ದಿನ ಅವನಿಗೆ ಊಟ ಸೇರಲಿಲ್ಲ.

“ಏನಾಯ್ತ್ರೀ?” ಎಂದಳು ಹೆಂಡತಿ.

“ಅವರು ಬೆರಳು ಹಾಕಿ ನೋಡ್ತಾರೆ ಕಣೇ. ನನ್ನ ಬಕೆಟ್ಟು ಒಣಗಿರುತ್ತೆ. ನನ್ನ ತೆಗೆದುಹಾಕಿದ್ರೆ ಅವಳನ್ನ ನೋಡ್ಕೊಳ್ಳೋರು ಯಾರು?”

“ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ತುಂಬಿಸಿಟ್ಕೊಳ್ಳಿ.”

ತಪಾಸಣಾಧಿಕಾರಿಗಳು ಹತ್ತೂಕಾಲಿಗೆ ಬಂದರು. ನಲ್ಲಿಯಣ್ಣನ ಬಕೆಟ್ಟಿನಲ್ಲಿ ಬೆರಳು ಅದ್ದಿದರು. ನೀರು ಅಂಚಿನವರೆಗೂ ತುಂಬಿತ್ತು.

“ಇದು ಕೆಲಸ ಅಂದ್ರೆ!” ಎಂದು ಬೆನ್ನು ತಟ್ಟಿ, ಬಕೆಟ್ಟಿಗೂ ಅವನಿಗೂ ಒಳ್ಳೆಯ ಕಲಮಿನಲ್ಲಿ ಗುರುತು ಹಾಕಿ, ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಸಪ್ತಾಹ ಮುಗಿಯುವವರೆಗೂ ಅವರ ಕುರ್ಚಿ ಅಲ್ಲೇ ಇತ್ತು.

ಅಂದೇ ಹನ್ನೊಂದು ಗಂಟೆಗೆ ಏರಿಕೆ ಸಹಾಯಕರು ಸೀನಿದರು. ಕೆಳಗಿನ ಬಕೆಟ್ಟು ತುಂಬಿ ನೆಲಕ್ಕೆ ಹರಿಯಿತು. ಅಧೀಕ್ಷಕರು ಸೀಟಿ ಊದಿದರು. ಗುಮಾಸ್ತರು ಬರೆಯುತ್ತಲೇ ಕಾಲು ಮೇಲೆತ್ತಿಕೊಂಡರು. ತೊಟ್ಟಿಯ ನೀರು ಒಂದು ಬೆರಳು ಇಳಿಯಿತು. ದೊಡ್ಡಮ್ಮ ಗಾಜಿಗೆ ಮೂತಿ ಒತ್ತಿ ನಲ್ಲಿಯಣ್ಣನನ್ನೇ ನೋಡಿದಳು. ಅವನು ತುಂಬಿದ ಬಕೆಟ್ಟು ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.